ಮಗುವಿನ ಸಭೆಗೊಬ್ಬ ಮಧ್ಯಸ್ಥ

ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವು ಈ ನಾಡಿನ ಮಠಮಾನ್ಯಗಳ ಹಿರಿಮೆಯೆಂಬುದು ಎಲ್ಲರೂ ಬಲ್ಲ ಮಾತು. ಮಠವೊಂದು ಶಾಲೆಯನ್ನು ತೆರೆಯಿತೆಂದರೆ ಅದರ ಬಾಗಿಲು ಜಾತಿ ಮತಗಳನ್ನಾಗಲಿ ಸಿರಿತನ ಬಡತನಗಳನ್ನಾಗಲಿ ಕೇಳದೆ ತೆರೆದಿರತಕ್ಕದ್ದೆಂಬ ನಂಬಿಕೆಯು ಭಕ್ತಸಮುದಾಯದಲ್ಲಿ ಬೇರೂರಿದೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬಂದ ಪ್ರತಿಯೊಂದು ಮಗುವೂ ಕಲಿಯಿತೆಂದು ಹೇಳಲಾಗದು. ದೃಷ್ಟಿ ಮಂಜಾದ ಮಗು, ಕಿವಿ ಕೇಳದ ಮಗು, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗು, ಮಾತು ಚೆನ್ನಾಗಿ ಬಂದರೂ ಅಕ್ಷರಗಳನ್ನು ಕೂಡಿಸಿ ಓದಲಾರದ ಮಗು, ಇವರೆಲ್ಲರೂ ಇಂದಿನ ತರಗತಿಯಲ್ಲಿದ್ದಾರೆ. ಇಂಥ ಮಗುವಿಗೆ ಏನನ್ನು, ಹೇಗೆ, ಯಾರು, ಎಷ್ಟು ಕಾಲ ಕಲಿಸಬೇಕೆಂಬುದನ್ನು ಅದರ ತಾಯಿತಂದೆಗಳೂ ಶಾಲೆಯವರೂ ಕೂಡಿ ಕುಳಿತು ನಿಶ್ಚಯಿಸಬೇಕಾಗುತ್ತದೆ. ಆ ಕೂಟವು ಇಂದು ಹೇಗೆ ನಡೆಯುತ್ತಿದೆ, ಹೇಗೆ ನಡೆದರೆ ಮಗುವಿಗೆ ಹಿತ ಎಂಬುದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಿಕ್ಷಣಾಭಿಮಾನಿಗಳೆಲ್ಲರೂ ಆಲೋಚಿಸಬೇಕಾದ ವಿಷಯವಾಗಿದೆ.

ಕಾನೂನಿನ ಭಿತ್ತಿಯು ದುರ್ಬಲವಾಗಿಲ್ಲ. 1995ರ ಅಧಿನಿಯಮವು ಮೊದಲ ಹೆಜ್ಜೆಯನ್ನಿಟ್ಟಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಸಮಸ್ತ ಮಕ್ಕಳಿಗೂ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ತಂದುಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದು, ಗುರುತಿಸಲ್ಪಟ್ಟ ವಿಕಲತೆಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳ ಮಗುವಿಗೆ 18 ವರ್ಷ ತುಂಬುವವರೆಗೆ ನೆರೆಯ ಶಾಲೆಯಲ್ಲಾಗಲಿ, ಬೇಕೆನಿಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಅದು ಕೊಟ್ಟಿದೆ. ಸರಕಾರದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳು ಭೇದವೆಣಿಸದೆ ಇಂಥ ಮಕ್ಕಳನ್ನು ಸೇರಿಸಿಕೊಂಡು, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಒದಗಿಸಬೇಕೆಂಬುದು ಅದರ ಆಶಯ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ಇಂಥ ಮಗುವೊಂದೊಂದಕ್ಕೂ ಪ್ರತ್ಯೇಕವಾದ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಬರೆಯುವ ಪದ್ಧತಿಯಿದೆ. ಆ ಕಾರ್ಯಕ್ಕೆ ನೆರವಾಗಲು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯಲ್ಪಡುವ ಸಂಪನ್ಮೂಲ ಶಿಕ್ಷಕರಿದ್ದಾರೆ.

ಹೀಗೆ ಮಗುವಿಗೆ ಏನು ಸಲ್ಲಬೇಕೆಂಬುದನ್ನು ಕಾನೂನು ಹೇಳಿದೆ. ಆದರೆ ಅದನ್ನು ನಿಶ್ಚಯಿಸುವ ಮಾತುಕತೆಯನ್ನು ಯಾರು ನಡೆಸಿಕೊಡಬೇಕು, ಆ ಮಾತುಕತೆಯಲ್ಲಿ ಪಾಲಕರ ಧ್ವನಿ ಕೇಳಿಸುವಂತೆ ಯಾರು ನೋಡಿಕೊಳ್ಳಬೇಕು ಎಂಬುದನ್ನು ಈ ಕಾಯಿದೆಗಳು ಹೇಳುವುದಿಲ್ಲ. ತೊಡಕಿರುವುದು ಇಲ್ಲಿಯೇ.

ಆಳಂದ ತಾಲೂಕಿನ ತಾಂಡಾವೊಂದರಿಂದ ಬಂದ ತಾಯಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಮನೆಯ ಮಾತು ಲಂಬಾಣಿ; ಕನ್ನಡವನ್ನು ಸಂತೆಯ ಮಟ್ಟಿಗೆ ಬಲ್ಲಳು. ತೊಗರಿಯ ರಾಶಿಯ ದಿನಗಳು. ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿದ್ದಾಳೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುರ್ಚಿಗಳಿವೆ. ಆದರೂ ಆಕೆ ಬಾಗಿಲ ಬಳಿಯೇ ನಿಂತಿದ್ದಾಳೆ. ಒಳಗೆ ಮುಖ್ಯೋಪಾಧ್ಯಾಯರು, ತರಗತಿಯ ಶಿಕ್ಷಕರು, ತಾಲೂಕಿನಿಂದ ಬಂದ ಸಂಪನ್ಮೂಲ ಶಿಕ್ಷಕರು, ಸಮಿತಿಯ ಸದಸ್ಯರೊಬ್ಬರು. ಮೌಲ್ಯಾಂಕನ, ಪ್ರಮಾಣಪತ್ರ, ಶೇಕಡಾವಾರು, ಗೃಹಾಧಾರಿತ ಶಿಕ್ಷಣ ಮುಂತಾದ ಮಾತುಗಳು ಆಕೆಯ ತಲೆಯ ಮೇಲಿನಿಂದ ಹಾರಿಹೋಗುತ್ತವೆ. ಕೊನೆಗೆ ಹಾಳೆಯೊಂದನ್ನು ಮುಂದಿಟ್ಟು, ಒಪ್ಪಿಗೆಯೇ ಎಂದು ಕೇಳುತ್ತಾರೆ. ಆಕೆ ಹೇಳುವುದು ಒಂದೇ ಮಾತು: "ನಿಮಗ ತಿಳದಂಗ ಮಾಡ್ರಿ ಸರ."

ಈ ಮಾತನ್ನು ಶಾಲೆಯು ಸಮ್ಮತಿಯೆಂದು ಬರೆದುಕೊಳ್ಳುತ್ತದೆ. ವಿಚಾರಿಸಿ ನೋಡಿದರೆ ಅದು ಸಮ್ಮತಿಯಲ್ಲ. ಕೆಲವೊಮ್ಮೆ ಅದು ನಂಬಿಕೆ, ಕೆಲವೊಮ್ಮೆ ಭಯ. ಬಹಳಷ್ಟು ಸಲ ತಿಳಿಯದುದನ್ನು ತಿಳಿಯಲಿಲ್ಲವೆಂದು ಹೇಳಲಾರದ ಸಂಕೋಚ. ಅಫಜಲಪುರದ ಗಡಿಯ ಊರುಗಳಲ್ಲಿ ಮರಾಠಿಯನ್ನಾಡುವ ಮನೆಗಳಿವೆ, ಆಳಂದ ಪಟ್ಟಣದಲ್ಲಿ ದಖನಿ ಉರ್ದುವನ್ನಾಡುವ ಮನೆಗಳಿವೆ, ಜೇವರ್ಗಿಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಲೇ ಪುಣೆ ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಇವರೆಲ್ಲರ ಬಾಯಿಂದಲೂ ಶಾಲೆಯ ಕೋಣೆಯಲ್ಲಿ ಹೊರಡುವುದು ಬಹುಮಟ್ಟಿಗೆ ಇದೇ ಮಾತು.

ಈ ಮಾತಿನ ಪರಿಣಾಮವು ಸಣ್ಣದಲ್ಲ. 2012ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ತಿದ್ದುಪಡಿಯಾದಾಗ, ಬಹುವಿಕಲತೆಯಿರುವ ಹಾಗೂ ತೀವ್ರ ವಿಕಲತೆಯಿರುವ ಮಗುವು ಮನೆಯಲ್ಲಿಯೇ ಶಿಕ್ಷಣವನ್ನು ಪಡೆಯುವುದನ್ನು ಆರಿಸಿಕೊಳ್ಳಬಹುದೆಂದು ವಿಧಿಸಲಾಯಿತು. ಆರಿಸಿಕೊಳ್ಳುವ ಹಕ್ಕು ಮಗುವಿನ ಪಕ್ಷದ್ದೇ ಹೊರತು ಶಾಲೆಯದಲ್ಲ. ಆದರೆ ಅರಿಯದ ತಾಯಿಯ ಹೆಬ್ಬೆಟ್ಟು ಬಿದ್ದೊಡನೆ ಆ ಹಕ್ಕು ತಿರುಗುಮುರುಗಾಗುತ್ತದೆ. ಮಗುವಿನ ಆಯ್ಕೆಯಾಗಬೇಕಾದುದು ಶಾಲೆಯ ಬಿಡುಗಡೆಯಾಗುತ್ತದೆ. ಹಾಗೆಯೇ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅರ್ಹ ಮಕ್ಕಳಿಗೆ ಲಿಪಿಕಾರರ ನೆರವು, ಹೆಚ್ಚಿನ ಸಮಯ ಮುಂತಾದ ರಿಯಾಯಿತಿಗಳಿವೆ. ಅವುಗಳಿಗೆ ಬೇಕಾದ ಪ್ರಮಾಣಪತ್ರಗಳ ಮಾತು ಎಂಟನೆಯ, ಒಂಬತ್ತನೆಯ ತರಗತಿಯ ಸಭೆಯಲ್ಲಿಯೇ ಬಾರದೆ ಹೋದರೆ, ಪರೀಕ್ಷೆಯ ಹೊಸ್ತಿಲಲ್ಲಿ ಜಿಲ್ಲಾ ಆಸ್ಪತ್ರೆಗೆ ಅಲೆದು ಫಲವಿಲ್ಲ. ಒಂದು ಗಂಟೆಯ ಸಭೆಯಲ್ಲಿ ಆಡದೆ ಉಳಿದ ಮಾತು ಮಗುವಿನ ಬಾಳಿನ ಹಲವು ವರ್ಷಗಳನ್ನು ನುಂಗಬಲ್ಲದು.

ಹಾಗೆಂದು ದೋಷವನ್ನೆಲ್ಲ ಶಿಕ್ಷಕರ ಮೇಲೆ ಹೊರಿಸುವುದು ಧರ್ಮವಲ್ಲ. ತುಂಬಿದ ತರಗತಿಯನ್ನು ಒಬ್ಬರೇ ನಿಭಾಯಿಸುವ ಉಪಾಧ್ಯಾಯರಿಗೆ ವಿಶೇಷ ಶಿಕ್ಷಣದ ತರಬೇತಿಯು ಬಹುಶಃ ಕೆಲವೇ ದಿನಗಳದು. ಸಂಪನ್ಮೂಲ ಶಿಕ್ಷಕರು ತಾಲೂಕಿನ ಉದ್ದಗಲಕ್ಕೂ ಸುತ್ತಬೇಕು; ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತವೆ. ಪಾಲಕರಲ್ಲಿ ಕೆಲವರು ಮಗುವಿನ ಕೊರತೆಯನ್ನೇ ಒಪ್ಪುವುದಿಲ್ಲ. ಹೊಡೆದು ಬಡಿದಾದರೂ ಓದಿಸಿರೆಂದು ಒತ್ತಾಯಿಸುತ್ತಾರೆ. ಮತ್ತೆ ಕೆಲವರು ಶಾಲೆಯಿಂದ ಪವಾಡವನ್ನೇ ನಿರೀಕ್ಷಿಸುತ್ತಾರೆ. ಆಗ ಶಿಕ್ಷಕರ ನಿಜವಾದ ಕಷ್ಟವನ್ನು ಕೇಳುವವರೂ ಆ ಕೋಣೆಯಲ್ಲಿರುವುದಿಲ್ಲ. ಎರಡೂ ಪಕ್ಷದವರು ಮಗುವಿನ ಹಿತವನ್ನೇ ಬಯಸಿ ಬಂದು, ಒಬ್ಬರನ್ನೊಬ್ಬರು ಅಪನಂಬಿಕೆಯಿಂದ ನೋಡುತ್ತ ಎದ್ದುಹೋಗುವುದು ವಿಷಾದದ ಸಂಗತಿ.

ಈ ಎಡೆಯಲ್ಲಿ ಬೇಕಾದವನು ಮಧ್ಯಸ್ಥ. ಈ ಪದದ ಅರ್ಥವನ್ನು ಸ್ವಲ್ಪ ವಿವೇಚಿಸುವುದು ಉಚಿತ. ಲೋಕದಲ್ಲಿ ತಟಸ್ಥ, ಉದಾಸೀನ, ಮಧ್ಯಸ್ಥ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ತಟಸ್ಥನೆಂದರೆ ತಟದಲ್ಲಿ, ಅಂದರೆ ದಡದಲ್ಲಿ ನಿಂತವನು. ಭೀಮೆಯು ತುಂಬಿ ಹರಿಯುವಾಗ ಗಾಣಗಾಪುರದ ದಂಡೆಯ ಮೇಲೆ ನಿಂತು ನೋಡುವವನು ತಟಸ್ಥ, ಅವನು ನೀರಿಗಿಳಿಯುವುದಿಲ್ಲ. ಮಧ್ಯಸ್ಥನಾದರೋ ನಡುವೆ ನಿಲ್ಲುವವನು. ಭಗವದ್ಗೀತೆಯ ಆರನೆಯ ಅಧ್ಯಾಯದ ಶ್ಲೋಕವೊಂದರಲ್ಲಿ ಉದಾಸೀನ, ಮಧ್ಯಸ್ಥ ಎಂಬ ಪದಗಳು ಬೇರೆಬೇರೆಯಾಗಿಯೇ ಬಂದಿವೆ. ಶಂಕರಭಗವತ್ಪಾದರ ಭಾಷ್ಯವು ಉದಾಸೀನನನ್ನು ಯಾರ ಪಕ್ಷವನ್ನೂ ವಹಿಸದವನೆಂದೂ, ಮಧ್ಯಸ್ಥನನ್ನು ಪರಸ್ಪರ ವಿರುದ್ಧರಾದ ಇಬ್ಬರಿಗೂ ಹಿತವನ್ನು ಬಯಸುವವನೆಂದೂ ವಿಂಗಡಿಸುತ್ತದೆ. ಈ ವ್ಯತ್ಯಾಸವು ಪ್ರಸ್ತುತ ವಿಷಯಕ್ಕೆ ಕೀಲಿಕೈಯಂತಿದೆ. ಮಗುವಿನ ಸಭೆಗೆ ಬೇಕಾದವನು ಏನಾದರಾಗಲಿ ಎನ್ನುವ ಉದಾಸೀನನಲ್ಲ, ದಡದ ಮೇಲಿನ ತಟಸ್ಥನೂ ಅಲ್ಲ. ತಾಯಿಗೂ ಶಿಕ್ಷಕರಿಗೂ ಸಮನಾಗಿ ಹಿತೈಷಿಯಾದವನು. ಅವನು ತೀರ್ಪು ಕೊಡುವ ನ್ಯಾಯಾಧೀಶನೂ ಅಲ್ಲ. ನಿರ್ಣಯವು ಪಾಲಕರದೂ ಶಾಲೆಯದೂ ಆಗಿರುತ್ತದೆ. ಆ ನಿರ್ಣಯದ ದಾರಿಯನ್ನು ಹಸನುಗೊಳಿಸುವುದಷ್ಟೇ ಅವನ ಕಾರ್ಯ.

ಈ ಕಲ್ಪನೆಯು ಹೊರದೇಶಗಳಲ್ಲಿ ಬಳಕೆಗೆ ಬಂದು ಬಹುಕಾಲವಾಯಿತು. ಅಮೆರಿಕೆಯಲ್ಲಿ 1975ರ ಶಾಸನವು ಇಂಥ ಪ್ರತಿಯೊಂದು ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆಯು ಇರತಕ್ಕದ್ದೆಂದು ವಿಧಿಸಿ, ಅದನ್ನು ರೂಪಿಸುವ ಸಭೆಯಲ್ಲಿ ತಾಯಿತಂದೆಗಳಿಗೆ ಸ್ಥಾನವನ್ನು ಕೊಟ್ಟಿತು. ಭಿನ್ನಾಭಿಪ್ರಾಯಗಳು ನ್ಯಾಯಾಲಯದ ಮೆಟ್ಟಿಲೇರಿ ಎರಡು ಪಕ್ಷಗಳಿಗೂ ನಷ್ಟವಾಗುವುದನ್ನು ಕಂಡು, 1997ರ ತಿದ್ದುಪಡಿಯು ಸಂಧಾನದ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳಲ್ಲಿಯೂ ಏರ್ಪಡಿಸಿತು. ಅಷ್ಟಕ್ಕೇ ನಿಲ್ಲದೆ, ಜಗಳವು ಹುಟ್ಟುವ ಮೊದಲೇ ಸಭೆಯನ್ನು ಸುಸೂತ್ರವಾಗಿ ನಡೆಸಿಕೊಡುವ ನಿಷ್ಪಕ್ಷ ವ್ಯಕ್ತಿಯನ್ನು ಉಚಿತವಾಗಿ ಕಳುಹಿಸುವ ಪದ್ಧತಿಯನ್ನು ಅಲ್ಲಿಯ ಅನೇಕ ರಾಜ್ಯಗಳು ಇಟ್ಟುಕೊಂಡಿವೆ. ಆ ವ್ಯಕ್ತಿಯು ಮತ ಹಾಕುವುದಿಲ್ಲ, ನಿರ್ಣಯಿಸುವುದಿಲ್ಲ. ಅಲ್ಲಿಯ ಪಾಲಕರು ವಕೀಲರನ್ನು ಕರೆತಂದಾರೆಂಬುದು ಶಾಲೆಯ ಭಯ; ಇಲ್ಲಿಯ ಪಾಲಕರು ಬಾಯಿಯನ್ನೇ ತೆರೆಯದಿರುವುದು ಮಗುವಿನ ದುರ್ದೈವ. ರೋಗದ ಲಕ್ಷಣಗಳು ಬೇರೆಯಾದರೂ ಮದ್ದು ಒಂದೇ ಜಾತಿಯದು.

ಹೊರದೇಶದ ದೃಷ್ಟಾಂತವು ಯಾರಿಗಾದರೂ ಹಿಡಿಸದಿದ್ದರೆ, ಆಳಂದದಿಂದ ಬಹಳ ದೂರವಿಲ್ಲದ ಬಸವಕಲ್ಯಾಣದತ್ತ ದೃಷ್ಟಿ ಹಾಯಿಸಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಗೋಷ್ಠಿಯನ್ನು ಕೂಡಿಸಿದವರು ಬಸವಣ್ಣನವರು. ಭಂಡಾರದ ಅಧಿಕಾರ ಅವರದು, ಮಹಾಮನೆ ಅವರದು, ದಾಸೋಹ ಅವರದು. ಆದರೂ ಪರಂಪರೆಯು ಹೇಳುವಂತೆ ಅನುಭವಮಂಟಪದ ಪೀಠದಲ್ಲಿ ಅವರು ತಾವು ಕೂಡಲಿಲ್ಲ. ಹೊರಗಿನಿಂದ ಬಂದ ಅಲ್ಲಮಪ್ರಭುವನ್ನು ಕೂಡಿಸಿದರು. ಆ ಪೀಠದ ಹೆಸರು ಶೂನ್ಯಸಿಂಹಾಸನ. ತನ್ನದೆಂಬುದು ಏನೂ ಇಲ್ಲದವನಿಗೆ ಮಾತ್ರ ಸಲ್ಲುವ ಪೀಠವದು ಎಂದು ಆ ಹೆಸರನ್ನು ಅರ್ಥೈಸಿದರೆ ತಪ್ಪಾಗದು. ಮನೆಯೊಡೆಯನು ಸಭೆಯ ಪೀಠವನ್ನು ಪರರಿಗೆ ಬಿಟ್ಟುಕೊಟ್ಟಾಗ ಮನೆಯೊಡೆಯನ ಗೌರವವು ಕುಂದಲಿಲ್ಲ. ಮಾದಾರನಿಗೂ ಮಡಿವಾಳನಿಗೂ ಆಯ್ದಕ್ಕಿ ಆಯುವ ದಂಪತಿಗಳಿಗೂ ಅಲ್ಲಿ ಬಾಯಿ ಬಂದಿತು.

ಈ ದೃಷ್ಟಾಂತದಿಂದ ಮಠದ ಶಾಲೆಗಳು ಕಲಿಯಬೇಕಾದ ಪಾಠವೊಂದಿದೆ. ಅದನ್ನು ವಿನಯಪೂರ್ವಕವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರೆದುರು ತಾಯಿಯು ಅಧಿಕಾರಕ್ಕೆ ಅಂಜುತ್ತಾಳೆ. ಮಠದ ಶಾಲೆಯಲ್ಲಿ ಅಧಿಕಾರದ ಜೊತೆಗೆ ಭಕ್ತಿಯೂ ಸೇರುತ್ತದೆ. ಪೂಜ್ಯರ ಸಂಸ್ಥೆಯ ಮಾತಿಗೆ ಎದುರಾಡುವುದು ಭಕ್ತೆಯಾದ ತಾಯಿಗೆ ಪಾಪವೆಂದೇ ತೋರುತ್ತದೆ. ಮಠದ ಮೇಲಿನ ಭಕ್ತಿಯು ಅಮೂಲ್ಯವಾದುದು. ಅಮೂಲ್ಯವಾದುದರಿಂದಲೇ ಅದನ್ನು ಒಪ್ಪಿಗೆಯ ಸಹಿಯಾಗಿ ಬಳಸಿಕೊಳ್ಳಬಾರದು. ಪೂಜ್ಯರೇ ಮಧ್ಯಸ್ಥರಾಗಬಹುದಲ್ಲವೇ ಎಂದು ಕೆಲವರು ಕೇಳಿಯಾರು. ಬೇರೆಯವರ ಶಾಲೆಗೆ ಅವರು ಮಧ್ಯಸ್ಥರಾಗಬಹುದು. ಅವರಷ್ಟು ಯೋಗ್ಯರು ವಿರಳ. ತಮ್ಮದೇ ಸಂಸ್ಥೆಯ ವಿಷಯದಲ್ಲಿ ಮಾತ್ರ ಅವರು ಬಸವಣ್ಣನವರಂತೆ ಪೀಠವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದೇ ಶ್ರೇಯಸ್ಕರ. ಅನುದಾನಿತ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಸಮಿತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಉಂಟೆಂದು 2012ರ ತಿದ್ದುಪಡಿಯು ಹೇಳಿರುವುದರಿಂದ, ಹೊರಗಿನ ಮಧ್ಯಸ್ಥರ ಅಗತ್ಯವು ಇಂಥ ಶಾಲೆಗಳಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ.

ಹಾಗಾದರೆ ಈ ಮೂರು ತಾಲೂಕುಗಳಲ್ಲಿ ಮಧ್ಯಸ್ಥರು ಎಲ್ಲಿಂದ ಬರಬೇಕು? ಹುಡುಕಿದರೆ ಸಿಗದವರಲ್ಲ. ವಿಕಲಚೇತನರ ಇಲಾಖೆಯಡಿ ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲೂಕಿನ ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಕೆಲಸ ಮಾಡುತ್ತಾರೆ. ಅವರಲ್ಲಿ ಅನೇಕರು ತಾವೇ ವಿಕಲಚೇತನರಾಗಿದ್ದು, ಮನೆಮನೆಯ ಕಷ್ಟವನ್ನು ಬಲ್ಲವರು. ಶಾಲೆಯ ಆಡಳಿತಕ್ಕೆ ಅಧೀನರೂ ಅಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕರಿದ್ದಾರೆ. ನಿವೃತ್ತರಾದ ಉಪಾಧ್ಯಾಯರು, ಬ್ಯಾಂಕಿನವರು, ದಾದಿಯರು, ಅಂಚೆಯವರು ಊರೂರಲ್ಲಿದ್ದಾರೆ. ಇವರ ಪೈಕಿ ಸೈರಣೆಯುಳ್ಳವರನ್ನು ಆರಿಸಿ, ಅಲ್ಪಕಾಲದ ತರಬೇತಿಯನ್ನಿತ್ತು, ಆಳಂದದ ಶಾಲೆಗೆ ಜೇವರ್ಗಿಯವರನ್ನೂ ಜೇವರ್ಗಿಯ ಶಾಲೆಗೆ ಅಫಜಲಪುರದವರನ್ನೂ ಕಳುಹಿಸಿದರೆ ಬಂಧುತ್ವದ, ಪಕ್ಷದ, ಜಾತಿಯ ಸಂದೇಹಗಳು ತಾವಾಗಿಯೇ ಕರಗುತ್ತವೆ.

ಮಧ್ಯಸ್ಥರ ಕಾರ್ಯವನ್ನು ಮೂರು ಹಂತಗಳಲ್ಲಿ ಹೇಳಬಹುದು. ಸಭೆಗೆ ಮುಂಚೆ ಅವರು ಪಾಲಕರನ್ನು ಅವರ ಮನೆಯಲ್ಲಿಯೂ ಶಿಕ್ಷಕರನ್ನು ಶಾಲೆಯಲ್ಲಿಯೂ ಬೇರೆಬೇರೆಯಾಗಿ ಕಂಡು, ಒಬ್ಬೊಬ್ಬರ ಆಸೆ ಆತಂಕಗಳನ್ನು ಕೇಳಿಕೊಳ್ಳಬೇಕು. ಸಭೆಯ ದಿನವನ್ನು ರಾಶಿಯ, ಕಟಾವಿನ, ಗುಳೆಯ ದಿನಗಳನ್ನು ತಪ್ಪಿಸಿ ಗೊತ್ತುಮಾಡಬೇಕು. ಸಭೆಯಲ್ಲಿ ಎಲ್ಲರೂ ಸಮನಾದ ಆಸನಗಳಲ್ಲಿ, ಸಾಧ್ಯವಾದರೆ ಮೇಜಿನ ಅಡ್ಡವಿಲ್ಲದೆ ಕೂಡಬೇಕು. ಮೊದಲ ಮಾತು ತಾಯಿಯದಾಗಿರಬೇಕು. ಅದೂ ಮಗುವಿಗೆ ಏನು ಬಾರದೆಂಬುದರಿಂದಲ್ಲ, ಏನು ಬರುತ್ತದೆಂಬುದರಿಂದ ಆರಂಭವಾಗಬೇಕು. ಕೊಟ್ಟಿಗೆಯ ದನಗಳನ್ನು ಒಂದೂ ತಪ್ಪದೆ ಎಣಿಸುವ ಮಗುವಿಗೆ ಲೆಕ್ಕ ಬಾರದೆಂದು ಹೇಳುವ ಮೊದಲು ಶಾಲೆಯು ಎರಡು ಸಲ ಆಲೋಚಿಸೀತು. ಕಠಿನ ಪದವೊಂದು ಬಂದೊಡನೆ ಅದನ್ನು ತಡೆದು, ಮನೆಯ ಮಾತಿನಲ್ಲಿ ಬಿಡಿಸಿ ಹೇಳಿಸಬೇಕು. ಮಾತು ಬಿರುಸಾದರೆ ಮಗುವಿನ ಕಡೆಗೆ ಅದನ್ನು ತಿರುಗಿಸಬೇಕು. ಸಭೆಯ ಕೊನೆಗೆ ಯಾರು, ಏನನ್ನು, ಯಾವ ತಾರೀಖಿನೊಳಗೆ ಮಾಡತಕ್ಕದ್ದೆಂಬುದನ್ನು ಬರೆಸಿ, ಓದಿ ಹೇಳಿ, ಪ್ರತಿಯೊಂದನ್ನು ಪಾಲಕರ ಕೈಗೆ ಕೊಡಿಸಬೇಕು. ಸಹಿಯನ್ನು ಅಂದೇ ಪಡೆಯಬೇಕೆಂಬ ಅವಸರವಿರಬಾರದು. ಮನೆಯ ಹಿರಿಯರೊಡನೆ ವಿಚಾರಿಸಿ ಬರಲು ಒಂದು ವಾರದ ಅವಕಾಶವಿರಲಿ. ಕೇಳಿದ ಮಾತನ್ನು ಹೊರಗೆ ಆಡದಿರುವುದು ಮಧ್ಯಸ್ಥರ ವ್ರತವಾಗಿರಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಊರ ಹಿರಿಯರ ಪಂಚಾಯಿತಿ ಇರುವಾಗ ಹೊಸಬರೇಕೆಂದು ಕೆಲವರು ಹೇಳುತ್ತಾರೆ. ಪಂಚರು ತೀರ್ಮಾನವನ್ನು ಹೇಳುವವರು. ಬಲವಿದ್ದವರ ಕಡೆಗೆ ಆ ತೀರ್ಮಾನವು ವಾಲುವುದು ಅಪರೂಪವೇನಲ್ಲ. ಮಧ್ಯಸ್ಥರು ತೀರ್ಮಾನಿಸುವುದೇ ಇಲ್ಲ. ಶಿಕ್ಷಕರ ಹೊರೆ ಹೆಚ್ಚುತ್ತದೆಂಬುದು ಇನ್ನೊಂದು ಆಕ್ಷೇಪ. ಸರಿಯಾಗಿ ನಡೆದ ಒಂದು ಸಭೆಯು ವರ್ಷವಿಡೀ ನಡೆಯುವ ದೂರು, ಮುನಿಸು, ಗೈರುಹಾಜರಿಗಳನ್ನು ತಗ್ಗಿಸುವುದಾದರೆ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಮೂರನೆಯ ಆಕ್ಷೇಪವೇ ಬಲವಾದುದು. ವಿಶೇಷ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಸಭೆ ಚೆನ್ನಾಗಿ ನಡೆದು ಫಲವೇನು? ಇಲ್ಲವೆಂಬುದನ್ನು ನಯವಾಗಿ ಹೇಳಿಸಲು ಮಧ್ಯಸ್ಥರು ಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಇಂಥ ಮಕ್ಕಳಿಗೆ ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ನಿರ್ದೇಶಿಸಿದ ಮೇಲೂ ಕೊರತೆಯು ನೀಗಿಲ್ಲ. ಆದುದರಿಂದಲೇ ಎರಡು ನಿಯಮಗಳು ಅವಶ್ಯಕ. ಮೊದಲನೆಯದು, ಹಕ್ಕನ್ನು ಸೌಹಾರ್ದಕ್ಕಾಗಿ ಮಾರಿಕೊಳ್ಳಬಾರದು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದು ಮಾತುಕತೆಯ ವಿಷಯವೇ ಅಲ್ಲ. ಹೇಗೆ ಕಲಿಸಬೇಕೆಂಬುದಷ್ಟೇ ವಿಷಯ. ಎರಡನೆಯದು, ಇಲ್ಲದುದನ್ನು ಇಲ್ಲವೆಂದೇ ಬರೆಯಬೇಕು. ಬೇಕಾದುದು ಇದು, ಶಾಲೆಯಲ್ಲಿ ಇರುವುದು ಇಷ್ಟು, ಉಳಿದುದನ್ನು ಇಲಾಖೆಯಿಂದ ಕೇಳತಕ್ಕದ್ದು ಎಂದು ಪಾಲಕರೂ ಶಾಲೆಯೂ ಒಟ್ಟಾಗಿ ಬರೆದ ಕಾಗದಕ್ಕೆ ಇರುವ ತೂಕ, ಒಬ್ಬ ತಾಯಿಯ ಅಳಲಿಗಾಗಲಿ ಒಬ್ಬ ಶಿಕ್ಷಕನ ಗೊಣಗಾಟಕ್ಕಾಗಲಿ ಇಲ್ಲ. ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಯು ಬೆಂಗಳೂರಿನಲ್ಲಿದೆ. ಸುಮಾರು 600 ಕಿಲೋಮೀಟರು ದೂರ. ಕೂಲಿಯವಳ ಕಾಲು ಅಲ್ಲಿಗೆ ಮುಟ್ಟದಿದ್ದರೂ ಶಾಲೆಯ ಮೊಹರಿರುವ ಕಾಗದವು ಮುಟ್ಟುತ್ತದೆ.

ಇದಕ್ಕೆ ತಗಲುವ ವೆಚ್ಚವು ಅಲ್ಪ. ಮಧ್ಯಸ್ಥರ ಬಸ್ಸಿನ ಚಾರ್ಜು, ದುಭಾಷಿಗೆ ಗೌರವಧನ, ಸಭೆಗೆ ಬಂದ ತಾಯಿತಂದೆಗಳಿಗೆ ಅಂದಿನ ಕೂಲಿ, ಮಧ್ಯಾಹ್ನದ ಪ್ರಸಾದ. ದಾನಿಗಳು ಕೋಣೆಯನ್ನು ಕಟ್ಟಿಸಿ ಹೆಸರನ್ನು ಕೆತ್ತಿಸುವುದು ಸ್ತುತ್ಯವೇ. ಆ ಕೋಣೆಯೊಳಗೆ ತಾಯಿಯೊಬ್ಬಳು ಕುರ್ಚಿಯ ಮೇಲೆ ಕುಳಿತು ಮಾತನಾಡುವಂತೆ ಮಾಡುವ ದಾನಕ್ಕೆ ಶಿಲಾಫಲಕವಿರದಿದ್ದರೂ ಪುಣ್ಯವು ಕಡಿಮೆಯಾಗದು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಲಂಬಾಣಿಯನ್ನೂ ಉರ್ದುವನ್ನೂ ಮರಾಠಿಯನ್ನೂ ಬಲ್ಲವರಿದ್ದಾರೆ. ವರ್ಷಕ್ಕೆ ನಾಲ್ಕು ದಿನಗಳನ್ನು ಅವರು ಈ ಕಾರ್ಯಕ್ಕೆ ಮೀಸಲಿಟ್ಟರೆ, ತಾವು ಕಲಿತ ಶಾಲೆಯಲ್ಲದೆ ನೆರೆತಾಲೂಕಿನ ಶಾಲೆಗಳಿಗೂ ಸೇವೆ ಸಂದಂತಾಗುತ್ತದೆ.

ವಿಕಲಚೇತನ ಮಕ್ಕಳ ಸೇವೆಯು ಮಠಗಳಿಗೆ ಹೊಸದಲ್ಲ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಕಣ್ಣಿಲ್ಲದ ಬಾಲಕನೊಬ್ಬನಲ್ಲಿ ಸಂಗೀತದ ಶಕ್ತಿಯನ್ನು ಗುರುತಿಸಿ, ತಕ್ಕ ಗುರುಗಳಲ್ಲಿ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಥ ಮಕ್ಕಳಿಗೆಲ್ಲ ಆಸರೆಯಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಕಾಯಕವನ್ನು ನಡೆಸಿದರು. ಅಂದು ಒಬ್ಬ ಮಹಾತ್ಮರ ದೃಷ್ಟಿ ಬಿದ್ದ ಮಗು ಉದ್ಧಾರವಾಯಿತು. ದೃಷ್ಟಿ ಬೀಳದೆ ಉಳಿದ ಮಕ್ಕಳೆಷ್ಟೋ! ಇಂದು ಕಾನೂನು ಅದನ್ನು ಕೃಪೆಯ ಕ್ಷೇತ್ರದಿಂದ ಹಕ್ಕಿನ ಕ್ಷೇತ್ರಕ್ಕೆ ತಂದಿದೆ. ಹಕ್ಕು ಕಾಗದದಿಂದ ಮಗುವಿನವರೆಗೆ ನಡೆದು ಬರಬೇಕಾದರೆ ತಾಯಿಯ ಮಾತು ಕೇಳಿಸಬೇಕು, ಶಿಕ್ಷಕರ ಮಾತೂ ಕೇಳಿಸಬೇಕು.

ಬರುವ ಶೈಕ್ಷಣಿಕ ವರ್ಷದಲ್ಲಿ ಈ ಮೂರು ತಾಲೂಕುಗಳ ಪೈಕಿ ಒಂದೊಂದು ಮಠದ ಶಾಲೆಯಾದರೂ ತನ್ನ ಒಂದು ಸಭೆಗೆ ಹೊರಗಿನ ಮಧ್ಯಸ್ಥರೊಬ್ಬರನ್ನು ಕರೆದು ನೋಡಲಿ. ಸಭೆ ಮುಗಿದು ಎದ್ದು ಹೋಗುವಾಗ ತಾಯಿಯು "ನಿಮಗ ತಿಳದಂಗ ಮಾಡ್ರಿ" ಎನ್ನುವ ಬದಲು "ನನಗ ತಿಳೀತ್ರಿ" ಎಂದರೆ, ಕರೆದುದು ಸಾರ್ಥಕವಾಯಿತೆಂದು ತಿಳಿಯಬಹುದು.